ದೂರು ಕೊಟ್ಟ ಹೊತ್ತನ್ನು ಬರೆದುಕೊಡಿ

ದಾವಣಗೆರೆ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಮತ್ತು ಜಿಲ್ಲೆಯ ಎಲ್ಲ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರಿಗೆ,

ನಮಸ್ಕಾರ.

ಒಂದು ಕೆಲಸ ಆಗಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಯಾರಾದರೂ ನಿಮ್ಮ ಕೌಂಟರಿಗೆ ಬಂದು "ನನಗೆ ಗೊತ್ತಿಲ್ಲದೆ ನನ್ನ ಖಾತೆಯಿಂದ ದುಡ್ಡು ಹೋಗಿದೆ" ಅಂದರೆ, ಆ ದೂರನ್ನು ಅಲ್ಲೇ ತೆಗೆದುಕೊಳ್ಳಿ. ತೆಗೆದುಕೊಂಡಿದ್ದಕ್ಕೆ ದೂರಿನ ನಂಬರ್, ತಾರೀಖು, ಟೈಮ್ ಬರೆದು ಸೀಲ್ ಹಾಕಿದ ಒಂದು ಚೀಟಿ ಕೊಡಿ. ತಪ್ಪು ಯಾರದ್ದು, ಓಟಿಪಿ ಹೇಳಿದ್ದರಾ ಇಲ್ಲವಾ ಅನ್ನುವ ವಿಚಾರಣೆ ಆಮೇಲೆ ಆಗಲಿ.

ನಾನು ದಾವಣಗೆರೆಯವಳು. ಬ್ಯಾಂಕ್ ಶಾಖೆಯೊಂದರ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಆಧಾರ್, ಪಾಸ್‌ಬುಕ್ ಜೆರಾಕ್ಸ್ ಮಾಡಿಸಲು ಬಂದವರು ಹಾಗೇ ಚಲನ್ ತುಂಬಿಸಿಕೊಳ್ಳುತ್ತಾರೆ, ಅರ್ಜಿ ಬರೆಸಿಕೊಳ್ಳುತ್ತಾರೆ. ಮಂಡಿಪೇಟೆಯ ಹಮಾಲರು, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವರು, ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ಬಸ್ ಹತ್ತಿ ಬರುವ ರೈತರು, ಪಿಂಚಣಿಯ ಅಜ್ಜ ಅಜ್ಜಿಯರು, ಎಲ್ಲರೂ ಬರುತ್ತಾರೆ. ಮೊದಲೆಲ್ಲ ಹೆಸರು ತಿದ್ದುಪಡಿ, ವಿಳಾಸ ಬದಲಾವಣೆ, ಹೊಸ ಚೆಕ್‌ಬುಕ್ ಇಂಥ ಅರ್ಜಿಗಳೇ ಇರುತ್ತಿದ್ದವು. ಈಗ "ಖಾತೆಯಿಂದ ದುಡ್ಡು ಹೋಗಿದೆ" ಅನ್ನುವ ಅರ್ಜಿ ಜಾಸ್ತಿ ಆಗಿದೆ. ಬರೆಯುವಾಗ ಅವರ ಮುಖ ನೋಡಲು ನನಗೆ ಕಷ್ಟವಾಗುತ್ತದೆ.

ಜಗಳೂರು ಕಡೆಯ ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಮೆಕ್ಕೆಜೋಳ ಮಾರಿದ ದುಡ್ಡು ಅವರ ಖಾತೆಗೆ ಬಂದಿತ್ತು. ಸಂಜೆ ಎಟಿಎಂಗೆ ಹೋಗಿದ್ದಾರೆ. ಯಂತ್ರ ದುಡ್ಡು ಕೊಡಲಿಲ್ಲ. ಹಿಂದೆ ನಿಂತಿದ್ದ ಹುಡುಗ "ಅಮ್ಮಾ ತಡೀರಿ, ಹಿಂಗಲ್ಲ ಹಾಕೋದು" ಅಂತ ಕಾರ್ಡ್ ಇಸಿದುಕೊಂಡಿದ್ದಾನೆ. ಇವರು ಪಿನ್ ಒತ್ತಿದ್ದನ್ನು ನೋಡಿದ್ದಾನೆ. ಎರಡು ಸಾವಿರ ತೆಗೆದುಕೊಟ್ಟು, ಕಾರ್ಡನ್ನೂ ವಾಪಸ್ ಕೊಟ್ಟಿದ್ದಾನೆ. ಕೊಟ್ಟಿದ್ದು ಮಾತ್ರ ಬೇರೆ ಕಾರ್ಡ್. ಅದೇ ಬ್ಯಾಂಕಿನದು, ಅದೇ ಬಣ್ಣದ್ದು. ಖಾತೆ ತೆರೆದ ದಿನವೇ ಬ್ಯಾಂಕಿನಲ್ಲಿ ಕೈಗೆ ಕೊಡುವ ಕಾರ್ಡುಗಳ ಮೇಲೆ ಹೆಸರು ಇರುವುದಿಲ್ಲ ಅಲ್ವಾ, ಹಾಗಾಗಿ ಗೊತ್ತಾಗುವ ದಾರಿಯೇ ಇರಲಿಲ್ಲ. ರಾತ್ರಿ ದುಡ್ಡು ಹೋಗಿದೆ. ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ ಮೆಸೇಜ್ ಬಂದಿದೆ. ಅವನು ಅದನ್ನು ನೋಡಿದ್ದು ಬೆಳಗ್ಗೆ.

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಆ ಹೆಂಗಸು ಬ್ಯಾಂಕಿನಲ್ಲಿದ್ದರು. ಕೌಂಟರಿನಲ್ಲಿ ಸಿಕ್ಕ ಉತ್ತರ ಇಷ್ಟೇ: "ಇಲ್ಲಿ ಬ್ಲಾಕ್ ಮಾಡೋಕೆ ಆಗಲ್ಲಮ್ಮ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ." ನನ್ನ ಅಂಗಡಿಗೆ ಬಂದು ಫೋನ್ ಕೊಟ್ಟು "ಅಕ್ಕಾ, ನೀವೇ ಮಾಡ್ರಿ" ಅಂದರು. ನಾನು ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಅಂತ ಶುರುವಾಗಿ, ಕನ್ನಡ ಬರುವಷ್ಟರಲ್ಲಿ ಸುಮಾರು ಹೊತ್ತಾಯಿತು. ಆಮೇಲೆ ಕಾರ್ಡಿನ ಕೊನೆಯ ನಾಲ್ಕು ಅಂಕಿ ಒತ್ತಿ ಅಂತ ಬಂತು. ಆ ಕಾರ್ಡೇ ಕಳ್ಳನ ಹತ್ತಿರ ಇದೆ! ಅವರ ಕೈಯಲ್ಲಿರುವುದು ಇನ್ಯಾರದ್ದೋ ಕಾರ್ಡ್. ಪಾಸ್‌ಬುಕ್ಕಿನಲ್ಲಿ ಖಾತೆ ನಂಬರ್ ಇದೆ, ಕಾರ್ಡ್ ನಂಬರ್ ಎಲ್ಲೂ ಇಲ್ಲ. ನೋಂದಾಯಿಸಿದ ಮೊಬೈಲಿನಿಂದ ಕರೆ ಮಾಡಿ ಅಂದರೆ ಅದು ಮಗನ ಹತ್ತಿರ ಬೆಂಗಳೂರಿನಲ್ಲಿದೆ. ಅಷ್ಟರಲ್ಲಿ ಮಗನೇ ಫೋನ್ ಮಾಡಿದ. "ಅವ್ವಾ, ಈಗ ಮತ್ತೆ ಹತ್ತು ಸಾವಿರ ಹೋತು."

ರಾತ್ರಿ ಹನ್ನೆರಡು ಗಂಟೆ ದಾಟಿದರೆ ಕಾರ್ಡಿನ ದಿನದ ಮಿತಿ ಹೊಸದಾಗಿ ಶುರುವಾಗುತ್ತದೆ ಅನ್ನುವುದು ಕಳ್ಳರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಸಂಜೆ ಕಾರ್ಡ್ ಬದಲಾಯಿಸುತ್ತಾರೆ.

ಕಾರ್ಡ್ ಬ್ಲಾಕ್ ಆಗಿ, ದೂರು ಕಂಪ್ಯೂಟರಿಗೆ ಹತ್ತಿದ್ದು ಆ ದಿನ ಸಂಜೆ. ಮುಂದೆ ಬ್ಯಾಂಕಿನಿಂದ ಬಂದ ಉತ್ತರದಲ್ಲಿ "ದೂರು ಸಂಜೆ ದಾಖಲಾಗಿದೆ, ವಹಿವಾಟುಗಳು ಅದಕ್ಕಿಂತ ಮೊದಲೇ ನಡೆದಿವೆ" ಅಂತ ಇತ್ತು. ಬೆಳಗ್ಗೆ ಹತ್ತು ಗಂಟೆಗೆ ಅವರು ಕೌಂಟರಿನ ಮುಂದೆ ನಿಂತಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಒಂದು ಚೀಟಿ ಇದ್ದಿದ್ದರೆ ಬೆಳಗ್ಗೆ ಹೋದ ಹತ್ತು ಸಾವಿರ ಬ್ಯಾಂಕಿನ ಹೊಣೆ ಆಗುತ್ತಿತ್ತು.

ಇದು ನನ್ನ ಅಭಿಪ್ರಾಯ ಅಂತ ಯಾರೂ ಪಕ್ಕಕ್ಕೆ ಇಡಬೇಡಿ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ಇದೆಲ್ಲ ಬರೆದಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥದ್ದೇ ಸುತ್ತೋಲೆ ಬಂತು. ಪಿನ್ನು, ಓಟಿಪಿಯನ್ನು ಗ್ರಾಹಕರೇ ಬಿಟ್ಟುಕೊಟ್ಟು ದುಡ್ಡು ಹೋಗಿದ್ದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದು. ದೂರು ಕೊಟ್ಟ ಮೇಲೆ ಹೋದ ಪ್ರತಿ ರೂಪಾಯಿಯೂ ಬ್ಯಾಂಕಿನದ್ದು. ಗ್ರಾಹಕರದ್ದೂ ತಪ್ಪಿಲ್ಲ, ಬ್ಯಾಂಕಿನದ್ದೂ ತಪ್ಪಿಲ್ಲ, ಹೊರಗಿನವರು ಯಾರೋ ಕದ್ದಿದ್ದಾರೆ ಅಂದರೆ, ಮೂರು ಕೆಲಸದ ದಿನಗಳ ಒಳಗೆ ತಿಳಿಸಿದವರಿಗೆ ಒಂದು ರೂಪಾಯಿಯೂ ನಷ್ಟ ಆಗಬಾರದು. ನಾಲ್ಕರಿಂದ ಏಳು ಕೆಲಸದ ದಿನದ ಒಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಬ್ಯಾಲೆನ್ಸ್ ಬೇಡದ ಮೂಲ ಉಳಿತಾಯ ಖಾತೆಯವರದ್ದು 5,000. ಬ್ಯಾಂಕಿನದ್ದೇ ಲೋಪ ಇದ್ದರೆ ಗ್ರಾಹಕರು ಯಾವಾಗ ತಿಳಿಸಿದರು ಅನ್ನುವ ಪ್ರಶ್ನೆಯೇ ಇಲ್ಲ.

ಇಷ್ಟೂ ಲೆಕ್ಕ ನಿಂತಿರುವುದು ಯಾವಾಗ ತಿಳಿಸಿದರು ಅನ್ನುವುದರ ಮೇಲೆ. ಅದನ್ನು ಸಾಬೀತು ಮಾಡುವ ಕಾಗದ ಮಾತ್ರ ನಮ್ಮ ಜನರ ಕೈಗೆ ಸಿಗುತ್ತಿಲ್ಲ. ದೂರು ಕೊಡಲು ದಿನದ 24 ಗಂಟೆಯೂ ಹಲವು ದಾರಿ ಇರಬೇಕು ಅಂತ ಹೇಳುವಾಗ ಸುತ್ತೋಲೆ ಫೋನು, ಎಸ್ಎಂಎಸ್, ಇಮೇಲ್ ಜೊತೆಗೆ ಗ್ರಾಹಕರ ಸ್ವಂತ ಶಾಖೆಯನ್ನೂ ಹೆಸರಿಸಿದೆ. ದೂರು ಬಂದ ಕೂಡಲೇ ನಂಬರ್ ಕೊಡಬೇಕು, ಬಂದ ದಿನ ಮತ್ತು ಹೊತ್ತನ್ನು ದಾಖಲಿಸಬೇಕು ಅಂತಲೂ ಹೇಳಿದೆ. ಹಾಗಿರುವಾಗ "ಇಲ್ಲಿ ಆಗಲ್ಲ" ಅಂತ ಕೌಂಟರಿನಿಂದ ಕಳಿಸುವುದು ತಪ್ಪು ಸಾರ್. ಕೌಂಟರಿನಲ್ಲಿ ಕೂತ ಹುಡುಗ ಹುಡುಗಿಯರನ್ನು ನಾನು ದೂರುತ್ತಿಲ್ಲ. ಮುಂದೆ ಉದ್ದ ಸಾಲು ಇರುತ್ತದೆ, ಇರುವವರು ಇಬ್ಬರೋ ಮೂವರೋ. ಅವರಿಗೆ ಈ ನಿಯಮವನ್ನು ಯಾರೂ ಕೂರಿಸಿ ಹೇಳಿಲ್ಲ. ಹೇಳಬೇಕಾದವರು ನೀವು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅಂತ ಸುಮ್ನೆ ಕಳಿಸಿದರೆ ಇನ್ನೊಂದು ಅಪಾಯವೂ ಇದೆ. ಗಾಬರಿಯಲ್ಲಿದ್ದವರು ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ ನಂಬರ್ ಹುಡುಕುತ್ತಾರೆ. ಅಲ್ಲಿ ಕಳ್ಳರೇ ಹಾಕಿಟ್ಟ ನಂಬರುಗಳೂ ಇರುತ್ತವೆ. ಅವರು "ದುಡ್ಡು ವಾಪಸ್ ಹಾಕ್ತೀವಿ, ಈ ಆ್ಯಪ್ ಇಳಿಸಿಕೊಳ್ಳಿ" ಅಂತಾರೆ. ಆ್ಯಪ್ ಇಳಿದ ಮೇಲೆ ಫೋನಿನ ಪರದೆ ಪೂರ್ತಿ ಅವರ ಕಣ್ಣ ಮುಂದೆ. ಉಳಿದಿದ್ದೂ ಹೋಗುತ್ತದೆ. ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರಿಗೆ ಹೀಗೇ ಆಯಿತು. ಅವರು ಆ ದಿನವೂ ಬ್ಯಾಂಕಿಗೆ ಹೋಗಿಯೇ ಬಂದಿದ್ದರು.

ಶಾಖೆಗಳ ಗೋಡೆ ಮೇಲೆ ಏನಿದೆ ಅಂತ ನೋಡಿ. ಓಟಿಪಿ ಹೇಳಬೇಡಿ, ಪಿನ್ ಹೇಳಬೇಡಿ, ಲಿಂಕ್ ಒತ್ತಬೇಡಿ. ಒಳ್ಳೆಯ ಮಾತುಗಳೇ, ಇರಲಿ. ಆದರೆ ಅವೆಲ್ಲ ಗ್ರಾಹಕರು ಮಾಡಬೇಕಾದ್ದು. ದುಡ್ಡು ಹೋದರೆ ಮೂರು ಕೆಲಸದ ದಿನದ ಒಳಗೆ ಹೇಳಿ, ಹೇಳಿದ ಹತ್ತು ಕೆಲಸದ ದಿನದ ಒಳಗೆ ಆ ಮೊತ್ತವನ್ನು ನಾವು ಖಾತೆಗೆ ತಾತ್ಕಾಲಿಕವಾಗಿ ಜಮಾ ತೋರಿಸಬೇಕು, 90 ದಿನದ ಒಳಗೆ ದೂರು ಮುಗಿಸಬೇಕು, ಗ್ರಾಹಕರದ್ದೇ ತಪ್ಪು ಅಂತ ಸಾಬೀತು ಮಾಡುವ ಹೊರೆ ನಮ್ಮದು ಅಂತ ಕನ್ನಡದಲ್ಲಿ ಬರೆದ ಒಂದು ಬೋರ್ಡನ್ನು ನಾನು ಈ ಊರಿನಲ್ಲಿ ಇನ್ನೂ ನೋಡಿಲ್ಲ. ಇವಿಷ್ಟೂ ಆ ಸುತ್ತೋಲೆಯಲ್ಲೇ ಇರುವ ಮಾತುಗಳು. ಗ್ರಾಹಕರಿಗೆ ಸಂಬಂಧಿಸಿದ ಫಲಕಗಳು ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಅನ್ನುವುದೂ ರಿಸರ್ವ್ ಬ್ಯಾಂಕಿನ ನಿಯಮವೇ.

"ನೀವೇ ಓಟಿಪಿ ಹೇಳಿರ್ತೀರಿ" ಅನ್ನುವ ಮಾತು ಜನರನ್ನು ತುಂಬಾ ಕುಗ್ಗಿಸುತ್ತದೆ. ಎಲ್ಲ ಸಲವೂ ಓಟಿಪಿಯಿಂದಲೇ ದುಡ್ಡು ಹೋಗುವುದಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬಯಲಿಗೆ ಬಂದವು. ಆ ಜನರಿಗೆ ಯಾರೂ ಫೋನ್ ಮಾಡಿರಲಿಲ್ಲ, ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದೇ ಅವರು ಮಾಡಿದ್ದು. ಆಮೇಲೆ ಸರ್ಕಾರ ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲು ಮುಂದಾಯಿತು. ಆಧಾರ್‌ನ ಸರ್ಕಾರಿ ಆ್ಯಪಿನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಡಬಹುದು. ಬೇಕಾದಾಗ ತೆಗೆಯಬಹುದು. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿಯೇ ದುಡ್ಡು ತೆಗೆಯುವ ಸಾವಿರಾರು ಜನ ನಮ್ಮ ಜಿಲ್ಲೆಯಲ್ಲಿದ್ದಾರೆ. ಅವರಿಗೆ ಇದನ್ನು ಯಾರಾದರೂ ಕೂತು ಹೇಳಿಕೊಡಬೇಕು. ನ್ಯಾಮತಿ, ಜಗಳೂರಿನ ಸಂತೆ ದಿನ ಒಂದು ಟೇಬಲ್ ಹಾಕಿ ಕೂತರೂ ಸಾಕು.

ಪೊಲೀಸರಿಗೂ ಒಂದು ಮಾತು. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕಿನಿಂದ 17 ಕೆಜಿಗೂ ಜಾಸ್ತಿ ಚಿನ್ನ ಕಳುವಾದಾಗ, ನಮ್ಮ ಜಿಲ್ಲೆಯ ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, ತಮಿಳುನಾಡಿನ ಬಾವಿಯೊಂದರೊಳಗಿಂದ ಅದನ್ನು ಹೊರಗೆ ತೆಗೆದರು. ಜನ ಅಡವಿಟ್ಟಿದ್ದ ಚಿನ್ನ ಅದು. ನಮಗೆಲ್ಲ ತುಂಬಾ ಹೆಮ್ಮೆ ಆಯಿತು. ಆದರೆ ಫೋನಿನಲ್ಲಿ, ಕಾರ್ಡಿನಲ್ಲಿ ಹೋದ ದುಡ್ಡು ಬಾವಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತಾ ಇರುವುದಿಲ್ಲ. ಯಾರದ್ದೋ ಹೆಸರಿನ ಬಾಡಿಗೆ ಖಾತೆಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ದಾಟಿ, ಕೆಲವೇ ಗಂಟೆಯಲ್ಲಿ ಎಟಿಎಂನಿಂದ ನೋಟಾಗಿ ಹೊರಗೆ ಬಂದುಬಿಡುತ್ತದೆ. ಅದಕ್ಕೇ 1930 ಸಹಾಯವಾಣಿ ಇರುವುದು. ಆ ನಂಬರಿಗೆ ಬೇಗ ಹೇಳಿದರೆ, ದುಡ್ಡು ಯಾವ ಖಾತೆಯಲ್ಲಿ ಇನ್ನೂ ಉಳಿದಿದೆಯೋ ಅಲ್ಲೇ ತಡೆಹಿಡಿಸುತ್ತಾರೆ. ಇದು ಎಷ್ಟು ಜನರಿಗೆ ಗೊತ್ತು? ಅಶೋಕ ರಸ್ತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ ನೋಡಿ. ಪ್ರತಿ ಎಟಿಎಂ ಯಂತ್ರದ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ 1930 ಇರಬೇಕು. ಅದರ ಕೆಳಗೆ ಆ ಬ್ಯಾಂಕಿನ ನಿಜವಾದ ಸಹಾಯವಾಣಿ ನಂಬರ್ ಇರಬೇಕು. ಠಾಣೆಗೆ ಬಂದವರನ್ನು "ಸಿಇಎನ್ ಠಾಣೆಗೆ ಹೋಗಿ" (ಸೈಬರ್ ಅಪರಾಧ ನೋಡುವ ಠಾಣೆ) ಅಂತ ಕಳಿಸುವ ಮೊದಲು, ಅಲ್ಲೇ ಕೂರಿಸಿ 1930ಕ್ಕೆ ಒಂದು ಕರೆ ಮಾಡಿಸಿ. ಚನ್ನಗಿರಿಯಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುವ ಹೊತ್ತಿಗೆ ದುಡ್ಡು ಎಲ್ಲಿಗೋ ಮುಟ್ಟಿರುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಅದೂ ನನ್ನ ಅಂಗಡಿಗೆ ಬರುತ್ತದೆ. ಮಂಡಕ್ಕಿ ಮಿರ್ಚಿ ಗಾಡಿ ಇಟ್ಟಿರುವ ಒಬ್ಬರ ಖಾತೆ ಒಂದು ದಿನ ಪೂರ್ತಿ ನಿಂತುಹೋಯಿತು. ಯಾವ ಊರಿನವರೋ ತಿಂದು ಸ್ಕ್ಯಾನ್ ಮಾಡಿ ಕೊಟ್ಟ ದುಡ್ಡು, ಬೇರೆ ರಾಜ್ಯದಲ್ಲಿ ನಡೆದ ಯಾವುದೋ ವಂಚನೆಯದ್ದಂತೆ. ಬಂದಿದ್ದು ನೂರು ಚಿಲ್ಲರೆ ರೂಪಾಯಿ. ನಿಂತಿದ್ದು ಇಡೀ ಖಾತೆ. ಅದರಲ್ಲಿ ಮಗಳ ಕಾಲೇಜಿನ ಫೀಸಿಗೆ ಕೂಡಿಟ್ಟ ದುಡ್ಡಿತ್ತು. ಮರುದಿನ ಎಣ್ಣೆ, ಕಡ್ಲೆಹಿಟ್ಟು ತರಲು ಅವರು ಕೈಸಾಲ ಮಾಡಿದರು. ಬ್ಯಾಂಕಿನಲ್ಲಿ ಕೇಳಿದರೆ ಆ ರಾಜ್ಯದ ಪೊಲೀಸರಿಗೆ ಬರೆಯಿರಿ ಅಂದರು. ಯಾವ ಠಾಣೆ, ಯಾರಿಗೆ, ಯಾವ ಭಾಷೆಯಲ್ಲಿ ಬರೆಯಬೇಕು? ಮಿರ್ಚಿ ಬಾಣಲೆ ಮುಂದೆ ನಿಲ್ಲುವ ಮನುಷ್ಯನಿಗೆ ಇದು ಹೇಗೆ ಗೊತ್ತಾಗಬೇಕು?

ವಂಚನೆಯ ದುಡ್ಡನ್ನು ತಡೆಹಿಡಿಯುವುದು ಬೇಕೇ ಬೇಕು. ಅದು ಇಲ್ಲದಿದ್ದರೆ ಜಗಳೂರಿನ ಆ ಹೆಂಗಸಿನಂಥವರ ದುಡ್ಡು ಸಿಗುವುದಾದರೂ ಹೇಗೆ? ಆದರೆ ಸಂಶಯ ಇರುವ ಮೊತ್ತವನ್ನಷ್ಟೇ ತಡೆದರೆ ಸಾಕಲ್ಲವೇ? 2023ರಲ್ಲಿ ಕೇರಳ ಹೈಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ, ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಹಣವನ್ನು ಖಾತೆದಾರರು ಬಳಸಲಿ ಅಂತ ಹೇಳಿತ್ತು. ನಮ್ಮ ಜಿಲ್ಲೆಯ ಶಾಖೆಗಳಲ್ಲಿ ಖಾತೆ ನಿಂತ ದಿನವೇ ಆ ಮನುಷ್ಯನಿಗೆ ಒಂದು ಕಾಗದ ಕೊಡಿ. ಯಾವ ಠಾಣೆಯ ಸೂಚನೆ, ದೂರಿನ ನಂಬರ್ ಏನು, ತಡೆದ ಮೊತ್ತ ಎಷ್ಟು, ಯಾರಿಗೆ ಇಮೇಲ್ ಮಾಡಬೇಕು ಅನ್ನುವುದು ಅದರಲ್ಲಿರಲಿ. ಜಿಲ್ಲಾಧಿಕಾರಿಗಳೇ, ಬೇರೆ ರಾಜ್ಯದ ಪೊಲೀಸರಿಗೆ ಬರೆಯುವ ಕೆಲಸಕ್ಕೆ ನಮ್ಮ ಸಿಇಎನ್ ಠಾಣೆಯಲ್ಲಿ ಒಬ್ಬರನ್ನು ನೇಮಿಸಿದರೆ, ತಳ್ಳುಗಾಡಿಯವರಿಗೆ, ಕಿರಾಣಿ ಅಂಗಡಿಯವರಿಗೆ ಎಷ್ಟು ಉಪಕಾರ ಆಗುತ್ತದೆ ಗೊತ್ತಾ?

ಇನ್ನು ಸಣ್ಣ ಸಣ್ಣ ಕಿರಿಕಿರಿಗಳು. ಸಣ್ಣವು ಅಂತ ನಾನೇನೋ ಹೇಳುತ್ತೇನೆ. ದಿನಗೂಲಿಯವರಿಗೆ ಅವು ಸಣ್ಣವಲ್ಲ.

ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಖಾತೆಯಲ್ಲಿ ಕಟ್ ಆಗಿದೆ ಅಂತ ಬರುವವರಿಗೆ "ತಾನಾಗೇ ಬರುತ್ತೆ, ಕಾಯಿರಿ" ಅನ್ನುತ್ತೀರಿ. ಎಷ್ಟು ದಿನ ಅಂತ ಹೇಳುವುದಿಲ್ಲ. 2019ರ ಸೆಪ್ಟೆಂಬರಿನ ನಿಯಮದ ಪ್ರಕಾರ ಐದು ದಿನದ ಒಳಗೆ ಅದು ವಾಪಸ್ ಬರಬೇಕು. ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿಯಂತೆ ಬ್ಯಾಂಕೇ ಸೇರಿಸಿ ಕೊಡಬೇಕು, ಗ್ರಾಹಕರು ಕೇಳದೇ ಇದ್ದರೂ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ನಡುವೆ ಸಿಕ್ಕಿಬಿದ್ದರೆ ಮರುದಿನದ ಒಳಗೆ ವಾಪಸ್ ಬರಬೇಕು. ಹಮಾಲಿ ಮಾಡುವವನಿಗೆ ಎರಡು ಸಾವಿರ ಎರಡು ವಾರ ಸಿಕ್ಕಿಬಿದ್ದರೆ ಮನೆ ನಡೆಯುವುದು ಹೇಗೆ? ಆ ನೂರು ರೂಪಾಯಿ ಅವನ ಹಕ್ಕು ಅಂತ ಅವನಿಗೆ ಯಾರೂ ಹೇಳಿಲ್ಲ.

ಮೇ ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿದವರು ಬಂದು "436 ಯಾತರದ್ದು, 20 ಯಾತರದ್ದು" ಅಂತ ಕೇಳುತ್ತಾರೆ. ಜೀವನ ಜ್ಯೋತಿ ವಿಮೆ, ಸುರಕ್ಷಾ ವಿಮೆ. ಎರಡೂ ಒಳ್ಳೆಯವೇ. ಮನೆಯಲ್ಲಿ ದುಡಿಯುವವರು ಹೋದಾಗ ಎರಡು ಲಕ್ಷ ಬಂದು ಮಕ್ಕಳ ಓದು ಮುಂದುವರಿದ ಮನೆಗಳನ್ನು ನಾನೇ ಬಲ್ಲೆ. ಆದರೆ ಕೇಳಿ ಮಾಡಿಸಿ. ವಿಮೆ ಇದೆ ಅನ್ನುವುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ, ಸತ್ತಾಗ ಬಂದು ಕ್ಲೈಮ್ ಹಾಕುವವರಾರು?

ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕುವ ಮೊದಲು ತಿಳಿಸಬೇಕು, ಸರಿ ಮಾಡಿಕೊಳ್ಳಲು ಒಂದು ತಿಂಗಳು ಕೊಡಬೇಕು, ದಂಡದಿಂದಲೇ ಖಾತೆ ಮೈನಸ್ ಆಗಬಾರದು ಅನ್ನುವುದು 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ. ಎಟಿಎಂ ತಿಂಗಳಲ್ಲಿ ಹತ್ತು ಗಂಟೆಗಿಂತ ಜಾಸ್ತಿ ಖಾಲಿ ಇದ್ದರೆ ಬ್ಯಾಂಕಿಗೇ ದಂಡ ಅನ್ನುವ ನಿಯಮ 2021ರಿಂದ ಇದೆ. ಹಾಗಿದ್ದೂ ಹಬ್ಬದ ಹಿಂದಿನ ದಿನ, ದುಗ್ಗಮ್ಮನ ಜಾತ್ರೆ ಹೊತ್ತಿನಲ್ಲಿ ಎಟಿಎಂನಿಂದ ಎಟಿಎಂಗೆ ಜನ ಅಲೆಯುತ್ತಾರೆ. ಸಿಕ್ಕರೂ ಬರೀ ಐನೂರರ ನೋಟು. ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅಂತ ಅಂಗಡಿಯವರು ಈಗಲೂ ತಳ್ಳುತ್ತಾರೆ. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಬ್ಯಾಂಕುಗಳು ಕೌಂಟರಿನಲ್ಲಿ ಆ ನಾಣ್ಯಗಳನ್ನು ಮುಖ ಸಿಂಡರಿಸದೆ ತೆಗೆದುಕೊಂಡರೆ ಅಂಗಡಿಯವರೂ ತೆಗೆದುಕೊಳ್ಳುತ್ತಾರೆ.

ನನ್ನ ಊರಿನ ಜನರಿಗೂ ಇಲ್ಲಿ ಎರಡು ಮಾತು ಹೇಳಬೇಕು.

ದುಡ್ಡು ಹೋದರೆ ಮುಚ್ಚಿಡಬೇಡಿ. ಗಂಡ ಬೈತಾನೆ, ಮಕ್ಕಳು ನಗ್ತಾರೆ, ಬೀದಿಯಲ್ಲಿ ಮರ್ಯಾದೆ ಹೋಗುತ್ತೆ ಅಂತ ವಾರಗಟ್ಟಲೆ ಒಳಗೇ ನುಂಗಿಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ಅಷ್ಟರಲ್ಲಿ ಏಳು ದಿನ ದಾಟಿರುತ್ತದೆ. ಮೋಸ ಹೋದವರದ್ದು ನಾಚಿಕೆ ಪಡುವ ವಿಷಯ ಅಲ್ಲವೇ ಅಲ್ಲ. ಮೊದಲು 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕೊಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ಸಹಿ, ಟೈಮ್ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಅಲ್ಲೇ ನಿಂತು ಶಾಖೆಯ ಇಮೇಲ್ ವಿಳಾಸಕ್ಕೆ ಕಳಿಸಿ, ಮೊಬೈಲಿನಲ್ಲಿ ಟೈಮ್ ಉಳಿಯುತ್ತದೆ. ಮೂವತ್ತು ದಿನದ ಒಳಗೆ ಬ್ಯಾಂಕ್ ಉತ್ತರ ಕೊಡದಿದ್ದರೆ, ಕೊಟ್ಟಿದ್ದು ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಕೇಳಿ ತಿಳಿದುಕೊಳ್ಳಲು 14448 ನಂಬರ್ ಇದೆ.

ನಿಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿಯನ್ನು ಪಾಸ್‌ಬುಕ್ಕಿನ ಒಳಪುಟದಲ್ಲಿ ಪೆನ್ನಿನಿಂದ ಬರೆದಿಡಿ. ಪಿನ್ನನ್ನು ಮಾತ್ರ ಎಲ್ಲೂ ಬರೆಯಬೇಡಿ. ಎಟಿಎಂನಿಂದ ಹೊರಗೆ ಬರುವ ಮೊದಲು ಆ ನಾಲ್ಕು ಅಂಕಿ ಕಾರ್ಡಿನ ಮೇಲೆ ಇದೆಯಾ ನೋಡಿ. ಕಾರ್ಡಿನ ಮೇಲೆ ನಿಮ್ಮದೇ ಒಂದು ಗುರುತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ನನ್ನ ಅಂಗಡಿಗೆ ಬರುವ ಅಜ್ಜಿಯೊಬ್ಬರು ಉಗುರು ಬಣ್ಣದಲ್ಲಿ ಮೂಲೆಗೆ ಒಂದು ಚುಕ್ಕೆ ಇಟ್ಟುಕೊಂಡಿದ್ದಾರೆ. ಕಾರ್ಡಿನಲ್ಲಿ ಆನ್‌ಲೈನ್ ಖರೀದಿ, ವಿದೇಶದ ಬಳಕೆ ಎಲ್ಲವನ್ನೂ ಬಂದ್ ಮಾಡಿಡುವ, ದಿನದ ಮಿತಿಯನ್ನು ಕಡಿಮೆ ಮಾಡುವ ಸೌಲಭ್ಯವನ್ನು 2020ರಿಂದ ಬ್ಯಾಂಕುಗಳು ಕೊಡಲೇಬೇಕಾಗಿದೆ. ತಿಂಗಳಿಗೆ ಒಂದು ಸಲ ಎರಡು ಸಾವಿರ ತೆಗೆಯುವವರಿಗೆ ದಿನಕ್ಕೆ ಇಪ್ಪತ್ತು ಸಾವಿರದ ಮಿತಿ ಯಾಕೆ ಬೇಕು? ಮೊಬೈಲಿನಲ್ಲಿ ಮಾಡಲು ಬಾರದಿದ್ದರೆ ಬ್ಯಾಂಕಿನಲ್ಲಿ ಮಾಡಿಕೊಡಿ ಅಂತ ಕೇಳಿ. ಖಾತೆಗೆ ಕೊಟ್ಟ ಮೊಬೈಲ್ ನಂಬರ್ ನಿಮ್ಮ ಕೈಯಲ್ಲೇ ಇರುವ ಫೋನಿನದ್ದಾಗಿರಲಿ. ದೂರದ ಊರಿನಲ್ಲಿರುವ ಮಗನದ್ದು ಕೊಟ್ಟಿದ್ದರೆ ಈ ವಾರವೇ ಬದಲಾಯಿಸಿ.

ಈಗ ಮತ್ತೆ ತಮ್ಮ ಹತ್ತಿರ ಬರುತ್ತೇನೆ. ಜಿಲ್ಲೆಯ ಬ್ಯಾಂಕುಗಳ ಸಲಹಾ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಬೆಳೆಸಾಲ ಎಷ್ಟು, ಮುದ್ರಾ ಎಷ್ಟು, ಗುರಿ ಮುಟ್ಟಿದೆಯಾ ಅಂತ ಅಲ್ಲಿ ಲೆಕ್ಕ ನೋಡುತ್ತೀರಿ. ಮುಂದಿನ ಸಭೆಯಲ್ಲಿ ಇನ್ನೂ ಒಂದು ಲೆಕ್ಕ ಕೇಳಿ. ಪ್ರತಿ ಶಾಖೆಗೆ ಮೂರು ತಿಂಗಳಲ್ಲಿ ವಂಚನೆಯ ದೂರು ಎಷ್ಟು ಬಂದವು, ಎಷ್ಟಕ್ಕೆ ಅಲ್ಲೇ ಸ್ವೀಕೃತಿ ಕೊಟ್ಟರು, ಎಷ್ಟು ಜನರಿಗೆ ಹತ್ತು ದಿನದಲ್ಲಿ ದುಡ್ಡು ತೋರಿಸಿದರು. ಇದಕ್ಕೆ ಹೊಸ ಕಾನೂನು ಬೇಡ, ಬೆಂಗಳೂರಿನ ಅನುಮತಿ ಬೇಡ. ಲೆಕ್ಕ ಕೇಳುವವರಿದ್ದಾರೆ ಅಂತ ಗೊತ್ತಾದರೆ ಕೌಂಟರಿನಲ್ಲಿ ಚೀಟಿ ತಾನಾಗೇ ಬರುತ್ತದೆ.

ವ್ಯವಸ್ಥಾಪಕರೇ, ನೀವು ಬೇರೆ ರಾಜ್ಯದಿಂದ ವರ್ಗವಾಗಿ ಬಂದಿರಬಹುದು, ಕನ್ನಡ ಇನ್ನೂ ಕಲಿಯುತ್ತಿರಬಹುದು. ಅದಕ್ಕೆ ಅಂತಲೇ ದೂರಿನ ನಮೂನೆಯೊಂದನ್ನು ಒಂದೇ ಪುಟದಲ್ಲಿ ತಯಾರು ಮಾಡಿದ್ದೇನೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಖಾತೆ ನಂಬರ್, ಹೋದ ಮೊತ್ತ, ಹೋದ ಹೊತ್ತು, ಯಾವ ರೀತಿ ಹೋಯಿತು, ಕಾರ್ಡ್ ಬ್ಲಾಕ್ ಮಾಡಿ ಅನ್ನುವ ಕೋರಿಕೆ, 1930ರ ದೂರಿನ ನಂಬರ್. ಕೆಳಗೆ ಹರಿದು ಕೊಡುವ ಒಂದು ಪಟ್ಟಿ ಇದೆ, ಅದರಲ್ಲಿ ಶಾಖೆಯ ಸೀಲು, ದಿನ ಮತ್ತು ಹೊತ್ತು. ಓದು ಬಾರದವರಿಗೆ ನಿಮ್ಮ ಸಿಬ್ಬಂದಿಯೇ ಎರಡು ನಿಮಿಷದಲ್ಲಿ ತುಂಬಿಕೊಡಬಹುದು. ಬೇಕು ಅಂದ ಶಾಖೆಗೆ ನೂರು ಪ್ರತಿಯನ್ನು ನನ್ನ ಖರ್ಚಿನಲ್ಲೇ ಜೆರಾಕ್ಸ್ ಮಾಡಿ ತಂದುಕೊಡುತ್ತೇನೆ. ಅದರಲ್ಲಿ ತಿದ್ದುವುದಿದ್ದರೆ ತಿದ್ದಿ, ನಿಮ್ಮ ಬ್ಯಾಂಕಿನ ಹೆಸರು ಹಾಕಿ, ಸೋಮವಾರದಿಂದಲೇ ಕೌಂಟರಿನಲ್ಲಿ ಇಡಿ.

ಇಂತಿ ನಮಸ್ಕಾರಗಳೊಂದಿಗೆ,
ಅರ್ಜಿ ಬರೆದುಕೊಡುವ ಜೆರಾಕ್ಸ್ ಅಂಗಡಿಯವಳು,
ದಾವಣಗೆರೆ